ಸಲೋನಾದ ತೋಟದ ಮನೆಗೆ, ಶಹಾಪುರದಿಂದ ಒಂದು ಬಹಿರಂಗ ಪತ್ರ

ಮಾಜಿ ಸಾಮ್ರಾಟರಾದ ಡಯೊಕ್ಲೀಷಿಯನ್ ಅವರಿಗೆ,



ಗದ್ದುಗೆ ಹತ್ತಿದವರು ಹೆಣವಾಗಿಯೇ ಇಳಿಯುತ್ತಿದ್ದ ಕಾಲ ಅದು. ನೀವು 305ರಲ್ಲಿ ಜೀವಂತ ಇಳಿದು, ಆಡ್ರಿಯಾಟಿಕ್ ಕಡಲ ದಂಡೆಯ ನಿಮ್ಮ ಸೀಮೆಗೆ ಮರಳಿ, ಸಲೋನಾದ ಪಕ್ಕ ಕೋಸು ಬೆಳೆದುಕೊಂಡು ಉಳಿದಿರಿ. ಮತ್ತೆ ಬಂದು ಆಳಬೇಕೆಂದು ಕೇಳಿದವರಿಗೆ, ನಾನು ಕೈಯಾರೆ ನೆಟ್ಟ ತರಕಾರಿಯನ್ನು ನೋಡಿದ್ದರೆ ನೀವು ಈ ಮಾತು ಎತ್ತುತ್ತಲೇ ಇರಲಿಲ್ಲ ಎಂದಿರಂತೆ. ಹೊಲ ಅಂದರೆ ಏನೆಂದು ಗೊತ್ತಿರುವ ಸೀಮೆಯವನು ನಾನು. ಈ ಒಂದು ಮಾತಿಗೆ ನಿಮ್ಮ ಮೇಲೆ ನನಗೆ ನಿಜವಾದ ಗೌರವವಿದೆ. ಆದರೂ ಪತ್ರ ಬರೆಯುತ್ತಿರುವುದು ಒಂದು ತಕರಾರಿಗಾಗಿ. ಅದು ರೊಕ್ಕದ ತಕರಾರು, ಅದರಲ್ಲೂ ಚಿಲ್ಲರೆ ರೊಕ್ಕದ್ದು. ಸಾವಿರದ ಏಳುನೂರು ವರ್ಷವಾದರೂ ಅದು ಇತ್ಯರ್ಥವಾಗಿಲ್ಲ.

ನಮ್ಮ ಶಹಾಪುರ, ಸುರಪುರ ಕೃಷ್ಣಾ–ಭೀಮಾ ನಡುವಿನ ಊರುಗಳು. ಯಾದಗಿರಿ ಭೀಮೆಯ ಆಚೆ ದಂಡೆಯಲ್ಲಿದೆ. ಎರೆಭೂಮಿ, ತೊಗರಿ, ಹತ್ತಿ, ಕಾಲುವೆ ನೀರು ಬಂದಲ್ಲಿ ಭತ್ತ. ಈ ಹೆಸರುಗಳನ್ನು ನೀವು ಕೇಳಿರಲಾರಿರಿ. ಆದರೆ ನಿಮಗಿಂತ ಮುಂಚಿನವರ ರೊಕ್ಕ ನಮ್ಮ ನಾಡಿಗೆ ಚೆನ್ನಾಗಿಯೇ ಬಂದಿತ್ತು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ 163 ಬೆಳ್ಳಿ ದಿನಾರಿಯಸ್‌ಗಳು ಸಿಕ್ಕವು; 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿ 256. ಹೆಚ್ಚಿನವು ಅಗಸ್ಟಸ್ ಮತ್ತು ಟೈಬೀರಿಯಸ್ ಕಾಲದವು. ಭಾರತಕ್ಕೆ ವರ್ಷವೂ ಐದು ಕೋಟಿ ಸೆಸ್ಟರ್ಸ್ ಹೋಗುತ್ತಿದೆ ಎಂದು ನಿಮ್ಮ ಪ್ಲಿನಿ ಅಂದೇ ಸಂಕಟಪಟ್ಟಿದ್ದ. ಭೀಮೆಯ ಆಚೆ, ಸನ್ನತಿ–ಕನಗನಹಳ್ಳಿಯಲ್ಲಿ, ಆಗ ಶಾತವಾಹನರ ಊರು ಮತ್ತು ಸ್ತೂಪ ಎದ್ದಿದ್ದವು. ಅಲ್ಲಿ ಸಿಕ್ಕ ಶಾತವಾಹನ ನಾಣ್ಯಗಳು ಸೀಸದವು. ಸೀಸದ ನಾಣ್ಯವನ್ನು ಸೀಸವೆಂದು ತಿಳಿದೇ ಸಂತೆಯಲ್ಲಿ ತೆಗೆದುಕೊಂಡ ಜನ ಇವರು. ಅದರ ಮೇಲೆ ಯಾರೂ ಬೆಳ್ಳಿ ಬಳಿದು ಮೋಸ ಮಾಡಿರಲಿಲ್ಲ.

ನಿಮ್ಮಲ್ಲಿ ಬೆಳ್ಳಿ ಬಳಿಯುವ ಕೆಲಸ ನಿಮಗಿಂತ ಮುಂಚೆಯೇ ಶುರುವಾಗಿತ್ತು, ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ. 64ರಲ್ಲಿ ನೀರೋ ದಿನಾರಿಯಸ್‌ನ ತೂಕವನ್ನೂ ಬೆಳ್ಳಿಯನ್ನೂ ಇಳಿಸಿದ. ನಮ್ಮ ಕಡೆ ಸಿಕ್ಕ ಬೆಳ್ಳಿ ನಿಧಿಗಳಲ್ಲಿ ಬಹುಪಾಲು ಅದಕ್ಕೂ ಮುಂಚಿನ ನಾಣ್ಯಗಳೇ ಇರುವುದನ್ನು ನೋಡಿದರೆ, ಇಲ್ಲಿಯ ವ್ಯಾಪಾರಿ ಯಾವುದನ್ನು ಕೈಗೆತ್ತಿಕೊಂಡ, ಯಾವುದನ್ನು ಹಿಂದಕ್ಕೆ ತಳ್ಳಿದ ಎಂಬುದು ಗೊತ್ತಾಗುತ್ತದೆ. ಸೆಪ್ಟಿಮಿಯಸ್ ಸೆವೆರಸ್ ಹೊತ್ತಿಗೆ ಬೆಳ್ಳಿ ಅರ್ಧಕ್ಕೆ ಬಂತು. 215ರಲ್ಲಿ ಕರಾಕಲ್ಲಾ ಎರಡು ದಿನಾರಿಯಸ್ ಬೆಲೆಯದೆಂದು ಹೊಸ ನಾಣ್ಯ ತಂದ. ಅದರೊಳಗಿದ್ದ ಬೆಳ್ಳಿ ಒಂದೂವರೆ ದಿನಾರಿಯಸ್‌ನಷ್ಟು. ಗ್ಯಾಲಿಯೆನಸ್ ಆಳ್ವಿಕೆ ಮುಗಿಯುವಾಗ, 268ರಲ್ಲಿ, ಅದೇ ನಾಣ್ಯದಲ್ಲಿ ನೂರಕ್ಕೆ ಐದರಷ್ಟೂ ಬೆಳ್ಳಿ ಉಳಿದಿರಲಿಲ್ಲ. ಅವನ ತಂದೆ ವಲೇರಿಯನ್ 260ರಲ್ಲಿ ಪರ್ಷಿಯಾದ ಶಾಪುರನ ಕೈಗೆ ಸೆರೆ ಸಿಕ್ಕಿದ್ದ, ಗಡಿಗಳು ಒಡೆದಿದ್ದವು. ಮಗನ ನಾಣ್ಯಗಳ ಮೇಲೆ ಮಾತ್ರ ಸೈನಿಕರ ನಿಷ್ಠೆ, ಎಲ್ಲೆಲ್ಲೂ ಶಾಂತಿ ಎಂಬ ಬರಹ. ಕಡೆಗೆ ಅವನನ್ನು ಕೊಂದವರು ಅವನದೇ ಸೇನಾಧಿಕಾರಿಗಳು. ಆಮೇಲೆ ಆರೇಲಿಯನ್ ರೋಮಿನ ಟಂಕಸಾಲೆಯನ್ನು ಸರಿಮಾಡಲು ಹೋದಾಗ ಅಲ್ಲಿಯ ಕೆಲಸಗಾರರೇ ದಂಗೆ ಎದ್ದರು. ಅದನ್ನು ಅಡಗಿಸುವಲ್ಲಿ ಏಳು ಸಾವಿರ ಸೈನಿಕರು ಸತ್ತರೆಂದು ಹಳೆಯ ಬರಹಗಾರರು ಹೇಳುತ್ತಾರೆ. ನಾಣ್ಯದಿಂದ ಕದ್ದು ಉಂಡವರು ಅಷ್ಟು ಜನ ಇದ್ದರು.

ಇಂಥ ಮನೆಯನ್ನು 284ರಲ್ಲಿ ನೀವು ವಹಿಸಿಕೊಂಡಿರಿ. ನಿಮ್ಮ ಕಷ್ಟ ನನಗೆ ಅರ್ಥವಾಗದೆ ಇಲ್ಲ. ಸೈನ್ಯಕ್ಕೆ ಪಗಾರ ಕೊಡಬೇಕು, ಕೊಡದಿದ್ದರೆ ಜೀವ ಉಳಿಯದು. ನಮ್ಮ ಸುರಪುರದ ನಾಯಕರು ತಮ್ಮ ಬೇಡ ಪಡೆಗೆ ನಗದಿನ ಬದಲು ಹೊಲವನ್ನೇ ಬಿಟ್ಟುಕೊಟ್ಟಿದ್ದರು. ನೀವೂ ತೆರಿಗೆಯನ್ನು ಕಾಳಿನಲ್ಲಿ, ಬಟ್ಟೆಯಲ್ಲಿ ವಸೂಲು ಮಾಡಿ ಸೈನ್ಯಕ್ಕೆ ಹಂಚಿದಿರಿ. ಅದು ಬುದ್ಧಿವಂತಿಕೆ ಎಂದೇ ನನ್ನ ಎಣಿಕೆ. ಸುರಪುರದ ಪಕ್ಕದ ವಾಗಿನಗೇರಾ ಕೋಟೆಯನ್ನು ಮುತ್ತಲು 1705ರಲ್ಲಿ ಖುದ್ದು ಔರಂಗಜೇಬ್ ಬಂದ. ಅದು ಅವನ ಕೊನೆಯ ಮುತ್ತಿಗೆ. ಪಗಾರ ಬಾಕಿ ಉಳಿದ ದೊಡ್ಡ ಸೈನ್ಯದ ಎದುರು ಹೊಲವೇ ಪಗಾರವಾಗಿದ್ದ ಚಿಕ್ಕ ಪಡೆ ತಿಂಗಳುಗಟ್ಟಲೆ ನಿಂತಿತು. ಕೋಟೆ ಅವನಿಗೆ ಸಿಕ್ಕರೂ ಸುರಪುರದ ದೊರೆ ಪಿಡ್ಡನಾಯಕ ಸಿಗಲಿಲ್ಲ. ಮುದಿ ಬಾದಶಹ ಅಲ್ಲೇ ದೇವಾಪುರದಲ್ಲಿ ಜಡ್ಡು ಬಿದ್ದು ತಿಂಗಳುಗಳನ್ನು ಕಳೆದ.

ನನ್ನ ತಕರಾರು ನಿಮ್ಮ ತಾಮ್ರದ ನಾಣ್ಯದ ಬಗ್ಗೆ. 294ರ ಸುಮಾರಿಗೆ ನೀವು ತಂದ ಆ ದೊಡ್ಡ ಬಿಲ್ಲೆಯ ದೊಡ್ಡ ಚಿತ್ರಗಳನ್ನು ಹತ್ತಿರದಿಂದ ನೋಡಿದ್ದೇನೆ. ತೂಕ ಸುಮಾರು ಹತ್ತು ಗ್ರಾಂ. ಒಂದು ಮುಖದಲ್ಲಿ ನೀವು: ದಪ್ಪ ಕತ್ತು, ಕತ್ತರಿಸಿದ ಗಿಡ್ಡ ಗಡ್ಡ, ತಲೆಗೆ ಎಲೆಗಳ ಮಾಲೆ. ಇನ್ನೊಂದು ಮುಖದಲ್ಲಿ ರೋಮನ್ ಜನತೆಯ ಕುಲದೇವತೆ ನಿಂತಿದ್ದಾನೆ. ಒಂದು ಕೈಯಲ್ಲಿ ನೈವೇದ್ಯದ ತಟ್ಟೆ, ಇನ್ನೊಂದರಲ್ಲಿ ಹಣ್ಣು–ಕಾಳು ತುಂಬಿದ ಕೊಂಬು, ತಲೆಯ ಮೇಲೆ ಕಾಳು ಅಳೆಯುವ ಕೊಳಗ. ಮೇಲೆಲ್ಲ ಬೆಳ್ಳಿಯ ತೆಳು ಲೇಪ. ಕೈಯಿಂದ ಕೈಗೆ ಓಡಾಡಿದಂತೆ ಆ ಲೇಪ ಮೊದಲು ಉಬ್ಬಿದ ಕಡೆ ಸವೆಯುತ್ತದೆ: ನಿಮ್ಮ ಮೂಗು, ಹುಬ್ಬು, ಗಡ್ಡದ ಅಂಚು. ಅಲ್ಲಿ ಕೆಂಪು ತಾಮ್ರ ಕಾಣತೊಡಗುತ್ತದೆ. ಅಕ್ಷರಗಳ ಸಂದಿಯಲ್ಲಿ ಮಾತ್ರ ಬೆಳ್ಳಿ ಉಳಿಯುತ್ತದೆ. ಪ್ರತಿ ಸಂತೆಯಲ್ಲೂ ಜನ ಇದನ್ನು ಕಣ್ಣಾರೆ ಕಾಣುತ್ತಿದ್ದರು.

301ರ ಸೆಪ್ಟೆಂಬರ್ 1ರಿಂದ ನಾಣ್ಯಗಳ ಬೆಲೆ ದುಪ್ಪಟ್ಟೆಂದು ಆಜ್ಞೆ ಹೊರಡಿಸಿದಿರಿ. ಅಫ್ರೊಡಿಸಿಯಸ್ ಊರಿನ ಕಲ್ಲಿನ ಮೇಲೆ ಅದು ಸಿಕ್ಕಿದೆ. ವಿದ್ವಾಂಸರ ಲೆಕ್ಕದಂತೆ ಆ ತಾಮ್ರದ ಬಿಲ್ಲೆ ಹನ್ನೆರಡೂವರೆಯಿಂದ 25 ದಿನಾರಿಯಸ್ ಆಯಿತು. ಬಿಲ್ಲೆ ಅದೇ, ತಾಮ್ರ ಅದೇ. ಅಂಗಡಿಯವನು ತನ್ನ ಕಾಳಿನ ಬೆಲೆಯನ್ನೂ ಏರಿಸಿದ. ಅವನು ಮತ್ತೇನು ಮಾಡಬೇಕಿತ್ತು ಹೇಳಿ? ವರ್ಷ ಮುಗಿಯುವುದರೊಳಗೆ ಬಂತು ನಿಮ್ಮ ಹೆಸರನ್ನು ಶಾಶ್ವತಗೊಳಿಸಿದ ಆ ದರಪಟ್ಟಿ: ಸಾವಿರಕ್ಕೂ ಹೆಚ್ಚು ಸರಕು, ಸೇವೆಗಳಿಗೆ ಗರಿಷ್ಠ ದರ, ಮೀರಿದವನಿಗೆ ಮರಣದಂಡನೆ.

ಆ ಪಟ್ಟಿಯನ್ನು ಓದುವುದೆಂದರೆ ನನಗೆ ನಮ್ಮ ಗಂಜ್‌ನ ಅಡತಿ ಅಂಗಡಿಯ ಖಾತೆವಹಿ ಓದಿದ ಹಾಗೆ. ಹೊಲದ ಆಳಿಗೆ ಊಟ ಹಾಕಿ ದಿನಕ್ಕೆ 25 ದಿನಾರಿಯಸ್. ಬಡಗಿಗೆ 50. ನೀರು ಹೊರುವವನಿಗೆ 25, ಒಂಟೆ ಹೊಡೆಯುವವನಿಗೆ 25. ಕ್ಷೌರಿಕನಿಗೆ ತಲೆಗೆ 2. ಓದು–ಬರಹ ಕಲಿಸುವ ಮಾಸ್ತರರಿಗೆ ಹುಡುಗನೊಬ್ಬನಿಗೆ ತಿಂಗಳಿಗೆ 50, ಲೆಕ್ಕದ ಮಾಸ್ತರರಿಗೆ 75. ವಾದ ಮಾಡುವ ವಕೀಲನಿಗೆ ಒಂದು ದಾವೆಗೆ 1,000. ಸೇನೆಯ ಅಳತೆಯ ಒಂದು ಕೊಳಗ ಗೋಧಿಗೆ 100, ಒಂದು ಪೌಂಡ್ ಬಂಗಾರಕ್ಕೆ 72,000. ಆಗಿನ ಬಂಗಾರದ ನಾಣ್ಯ ಪೌಂಡಿಗೆ 60 ಆಗುತ್ತಿತ್ತು. ಅಂದರೆ ಒಂದು ಬಂಗಾರದ ನಾಣ್ಯಕ್ಕೆ 1,200 ದಿನಾರಿಯಸ್. ಹೊಲದ ಆಳು ಒಂದು ದಿನವೂ ತಪ್ಪಿಸದೆ, ಒಂದು ಕಾಸೂ ಖರ್ಚು ಮಾಡದೆ 48 ದಿನ ದುಡಿಯಬೇಕು. ದಿನದ ಕೂಲಿ ಬರುತ್ತಿದ್ದದ್ದು ಲೇಪ ಸವೆಯುವ ಅದೇ ತಾಮ್ರದ ಬಿಲ್ಲೆಯಲ್ಲಿ, ದಿನಕ್ಕೊಂದು. ತಲೆಯ ಮೇಲೆ ಕೊಳಗ ಹೊತ್ತ ಆ ದೇವರನ್ನು ನಾಲ್ಕು ಸಲ ಕೊಟ್ಟರೆ ಒಂದು ಕೊಳಗ ಗೋಧಿ ಬರಬೇಕು. ಅದೂ ನಿಮ್ಮ ದರಕ್ಕೆ ಮಾರುವವನು ಯಾರಾದರೂ ಸಿಕ್ಕರೆ.

ಸಿಗಲಿಲ್ಲ. ನಿಮ್ಮನ್ನು ಕಂಡರಾಗದ ನಿಮ್ಮ ಕಾಲದ ಲೇಖಕ ಲ್ಯಾಕ್ಟಾಂಶಿಯಸ್ ಬರೆದದ್ದನ್ನು ಅರ್ಧಕ್ಕೆ ಇಳಿಸಿ ಓದಿದರೂ, ಸಂತೆಗೆ ಮಾಲು ಬರುವುದು ನಿಂತಿತು, ಜುಜುಬಿ ವಸ್ತುಗಳಿಗಾಗಿ ರಕ್ತ ಹರಿಯಿತು, ತುಟ್ಟಿ ಇನ್ನೂ ಏರಿತು, ಕಡೆಗೆ ಆಜ್ಞೆ ತಾನಾಗಿ ಬಿದ್ದುಹೋಯಿತು ಎಂಬುದು ಉಳಿಯುತ್ತದೆ. ನನಗೆ ಸಿಟ್ಟು ಬರುವುದು ನಿಮ್ಮ ಆಜ್ಞೆಯ ಪೀಠಿಕೆ ಓದುವಾಗ. ಒಂದೇ ಖರೀದಿಯಲ್ಲಿ ಸೈನಿಕನ ಪಗಾರವೂ ಇನಾಮೂ ಮುಗಿದುಹೋಗುತ್ತಿವೆ, ಇದಕ್ಕೆಲ್ಲ ವ್ಯಾಪಾರಿಗಳ ದುರಾಸೆಯೇ ಕಾರಣ ಎಂದು ಉದ್ದಕ್ಕೆ ಬರೆಸಿದ್ದೀರಿ. ವ್ಯಾಪಾರಿಯ ದುರಾಸೆ ನನಗೆ ಹೊಸದಲ್ಲ. ತೂಕದಲ್ಲಿ ಹೊಡೆಯುವವರನ್ನು, ಸುಗ್ಗಿಯಲ್ಲಿ ದರ ಇಳಿಸುವವರನ್ನು ತೊಗರಿ ಬೆಳೆಯುವ ಯಾರನ್ನು ಕೇಳಿದರೂ ತೋರಿಸುತ್ತಾರೆ. ಆದರೆ ನಾಣ್ಯದಲ್ಲಿ ಬೆಳ್ಳಿ ಇಲ್ಲ ಎಂಬ ಒಂದು ಮಾತನ್ನು ಅಷ್ಟು ಉದ್ದದ ಪೀಠಿಕೆಯಲ್ಲಿ ಎಲ್ಲಿಯೂ ಹೇಳಲಿಲ್ಲವಲ್ಲ, ಸ್ವಾಮಿ? ನಾಣ್ಯ ನಿಮ್ಮ ಟಂಕಸಾಲೆಯಿಂದ ಬಂದದ್ದು. ಅದರ ಮೇಲಿದ್ದದ್ದು ಅಂಗಡಿಯವನ ಮುಖ ಅಲ್ಲ.

ಇಲ್ಲಿ ನಮ್ಮ ಸುಲ್ತಾನನೊಬ್ಬನ ಸುದ್ದಿ ಹೇಳಲೇಬೇಕು. ಶಹಾಪುರದ ಪಕ್ಕದಲ್ಲೇ ಸಗರ ಎಂಬ ಊರಿದೆ. ದೆಹಲಿಯ ಮುಹಮ್ಮದ್ ಬಿನ್ ತುಘಲಕ್‌ನ ಸೋದರತ್ತೆಯ ಮಗ ಬಹಾಉದ್ದೀನ್ ಗುರ್ಶಾಸ್ಪ್ ಅಲ್ಲಿಯ ಸುಬೇದಾರ. 1326–27ರಲ್ಲಿ ಅವನು ಸಗರದಿಂದಲೇ ದಂಗೆ ಎದ್ದ. ಸೋತು ಕಂಪಿಲಿಗೆ ಓಡಿದ. ಆಶ್ರಯ ಕೊಟ್ಟ ಕಂಪಿಲಿರಾಯ ಅದಕ್ಕಾಗಿ ರಾಜ್ಯವನ್ನೂ ಜೀವವನ್ನೂ ತೆತ್ತ. ಆಮೇಲೆ ಹೊಯ್ಸಳ ಮೂರನೆಯ ಬಲ್ಲಾಳ ಗುರ್ಶಾಸ್ಪ್‌ನನ್ನು ಹಿಡಿದುಕೊಟ್ಟ, ಸುಲ್ತಾನ ಅವನ ಚರ್ಮ ಸುಲಿಸಿದ. ದಖ್ಖನ್ ಕೈತಪ್ಪದಿರಲಿ ಎಂದು ದೌಲತಾಬಾದ್ ರಾಜಧಾನಿಯಾಯಿತು. ಅದರ ಬೆನ್ನಿಗೇ, 1329–30ರ ಸುಮಾರಿಗೆ, ಬೆಳ್ಳಿಯ ಟಂಕದ ಬೆಲೆಗೆ ತಾಮ್ರ–ಹಿತ್ತಾಳೆಯ ಟಂಕ ಬಂತು. ದೌಲತಾಬಾದಿನ ಟಂಕಸಾಲೆಯಲ್ಲೂ ಅದು ತಯಾರಾಯಿತು. ಸುಲ್ತಾನನ ಮಾತು ಕೇಳಿದವನು ದೇವರ ಮಾತು ಕೇಳಿದ ಹಾಗೆ ಎಂಬರ್ಥದ ಬರಹ ಅದರ ಮೇಲೆ. ಆ ಕಾಲದ ಚರಿತ್ರೆಕಾರ ಬರಣಿ ಬರೆದಂತೆ ಮನೆಮನೆಯೂ ಟಂಕಸಾಲೆಯಾಯಿತು, ಖೋಟಾ ಟಂಕ ಹೊಳೆಯಾಗಿ ಹರಿಯಿತು. ಮೂರು ವರ್ಷದೊಳಗೆ ಯೋಜನೆ ಮುರಿದುಬಿತ್ತು.

ಆದರೆ ಮುರಿದ ಮೇಲೆ ಅವನು ಮಾಡಿದ್ದೇನು? ತಾಮ್ರ ತಂದವರಿಗೆಲ್ಲ ಬೊಕ್ಕಸದಿಂದ ಬೆಳ್ಳಿ–ಬಂಗಾರ ಕೊಟ್ಟ. ಖೋಟಾ ತಂದವರೂ ಸಾಲಿನಲ್ಲಿದ್ದರು. ತುಘಲಕಾಬಾದಿನಲ್ಲಿ ತಾಮ್ರದ ಗುಡ್ಡೆಗಳು ಬಿದ್ದವು, ಬೊಕ್ಕಸ ಬರಿದಾಯಿತು. ಚರಿತ್ರೆಯ ಪಾಠದಲ್ಲಿ ಅವನನ್ನು ಹುಚ್ಚನೆಂದು ಹೇಳಿಕೊಡುತ್ತಾರೆ, ಸೋದರತ್ತೆಯ ಮಗನ ಚರ್ಮ ಸುಲಿಸಿದವನನ್ನು ಒಳ್ಳೆಯವನೆಂದು ನಾನು ಹೇಳಲಾರೆ. ಆದರೂ ಈ ಒಂದು ವಿಷಯದಲ್ಲಿ ಅವನು ನಿಮಗಿಂತ ದೊಡ್ಡವನು ಎಂದು ಸಗರದ ಪಕ್ಕದಲ್ಲಿ ಕೂತು ಬರೆಯುತ್ತಿದ್ದೇನೆ. ತನ್ನ ನಾಣ್ಯದ ಲುಕ್ಸಾನನ್ನು ಅವನು ತಾನೇ ಹೊತ್ತ. ನೀವು ಅದನ್ನು ಹೊಲದ ಆಳಿನ ಮೇಲೆ, ಚಿಕ್ಕ ಅಂಗಡಿಯವನ ಕುತ್ತಿಗೆಯ ಮೇಲೆ ಹಾಕಿದಿರಿ.

ನಿಮ್ಮ ನಂತರದವರ ಮಾತಿಗೆ ಬರುತ್ತೇನೆ. ಕಾನ್‌ಸ್ಟಂಟೈನ್ 310ರ ಸುಮಾರಿಗೆ ಪೌಂಡಿಗೆ 72ರಂತೆ ಸಾಲಿಡಸ್ ಎಂಬ ಬಂಗಾರದ ನಾಣ್ಯ ತಂದ. ನಾಲ್ಕೂವರೆ ಗ್ರಾಂ ಅಪ್ಪಟ ಬಂಗಾರ. ಸುಮಾರು ಏಳುನೂರು ವರ್ಷ ಅದರ ಚೊಕ್ಕತನ ಕೆಡಲಿಲ್ಲ. ಬೇರೆ ಯಾವ ನಾಣ್ಯಕ್ಕೂ ಅಷ್ಟು ದೀರ್ಘ ಮರ್ಯಾದೆ ಸುಲಭವಾಗಿ ಸಿಕ್ಕಿಲ್ಲ. ಈ ಬಂಗಾರ ನಮ್ಮ ನಾಡಿಗೂ ಬಂತು. ಈಗಿನ ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ಸಿಕ್ಕ ಬಂಗಾರದ ನಿಧಿಯಲ್ಲಿ ಎರಡನೆಯ ಥಿಯೊಡೋಸಿಯಸ್, ಅನಸ್ತಾಸಿಯಸ್, ಒಂದನೆಯ ಜಸ್ಟಿನ್ ಇವರೆಲ್ಲ ಇದ್ದಾರೆ. ಆರನೇ ಶತಮಾನದ ಪ್ರವಾಸಿ ಕಾಸ್ಮಾಸ್ ಬರೆದ ಕಥೆಯೊಂದಿದೆ. ಸಿಂಹಳದ ಅರಸನ ಎದುರು ಪರ್ಷಿಯಾದವನೂ ರೋಮಿನ ವ್ಯಾಪಾರಿ ಸೋಪಾಟ್ರಸನೂ ತಮ್ಮ ತಮ್ಮ ದೊರೆಯೇ ದೊಡ್ಡವನೆಂದು ಹಟ ಹಿಡಿದರು. ಇಬ್ಬರ ನಾಣ್ಯವನ್ನೂ ಪಕ್ಕಪಕ್ಕ ಇಟ್ಟು ನೋಡಿ ಎಂದ ಸೋಪಾಟ್ರಸ್. ಒಂದು ಬೆಳ್ಳಿ, ಒಂದು ಬಂಗಾರ. ಅರಸ ರೋಮಿನವನಿಗೆ ಗೆಲುವು ಕೊಟ್ಟ.

ಕಥೆ ಚೆಂದ. ಆದರೆ ಸೋಪಾಟ್ರಸ್ ತನ್ನ ಕಿಸೆಯಿಂದ ಚಿಲ್ಲರೆ ತೆಗೆದು ತೋರಿಸಿದ್ದರೆ ಏನಾಗುತ್ತಿತ್ತು? ಕಾನ್‌ಸ್ಟಂಟೈನ್ ಬಂಗಾರವನ್ನು ಕಾಯ್ದ, ತಾಮ್ರವನ್ನು ಕೈಬಿಟ್ಟ. ನಿಮ್ಮ ಹತ್ತು ಗ್ರಾಮಿನ ಬಿಲ್ಲೆ ಅವನ ಕೈಯಲ್ಲಿ ಮೂರು ಗ್ರಾಮಿಗೆ ಇಳಿಯಿತು. ನಿಮ್ಮ ಕಾಲಕ್ಕೆ 1,200 ದಿನಾರಿಯಸ್‌ಗೆ ಬರುತ್ತಿದ್ದ ಬಂಗಾರದ ನಾಣ್ಯಕ್ಕೆ, ತೂಕದಲ್ಲಿ ಅದಕ್ಕಿಂತ ಕಡಿಮೆಯದಕ್ಕೆ, ನಾಲ್ಕನೇ ಶತಮಾನದ ಈಜಿಪ್ಟಿನಲ್ಲಿ ಮೊದಲು ಲಕ್ಷ, ಆಮೇಲೆ ದಶಲಕ್ಷಗಳಲ್ಲಿ ದಿನಾರಿಯಸ್ ಎಣಿಸುತ್ತಿದ್ದರು. ತೆರಿಗೆ ಬಂಗಾರದಲ್ಲಿ ಕಟ್ಟಬೇಕು, ಕೂಲಿ ತಾಮ್ರದಲ್ಲಿ ಬರುತ್ತದೆ. ಯುದ್ಧದ ಯಂತ್ರಗಳ ಬಗ್ಗೆ ಪುಸ್ತಕ ಬರೆದ ಹೆಸರಿಲ್ಲದ ಲೇಖಕನೊಬ್ಬ ಆ ಶತಮಾನದಲ್ಲೇ ಇದನ್ನು ಕಂಡಿದ್ದ: ಬಂಗಾರ ಬಲ್ಲಿದರ ಮನೆ ತುಂಬಿತು, ಬಡವರು ಬೀದಿಗೆ ಬಿದ್ದು ದಂಗೆಗೆ ಇಳಿದರು ಎಂದು. ಟಂಕಸಾಲೆಯವರನ್ನು ಒಂದು ದ್ವೀಪದಲ್ಲಿ ಕೂಡಿಹಾಕಬೇಕೆಂಬ ಸಲಹೆಯನ್ನೂ ಅವನು ಕೊಟ್ಟ. ಚರಿತ್ರೆಕಾರರು ಸಾಲಿಡಸ್ ಅನ್ನು ಹೊಗಳುವಾಗ ಅವನ ಮಾತನ್ನೂ ಎಣಿಸಬೇಕೆಂಬುದು ನನ್ನ ಆಗ್ರಹ. ಒಂದು ರಾಜ್ಯ ಪ್ರಾಮಾಣಿಕವೋ ಅಲ್ಲವೋ ಎಂದು ಅಕ್ಕಿಆಲೂರಿನ ಬಂಗಾರ ಹೇಳಲಾರದು; ಅದು ಅಷ್ಟು ದೂರ ಬಂದದ್ದೇ ಉಳ್ಳವರ ಕೈಯಿಂದ ಉಳ್ಳವರ ಕೈಗೆ.

ನಮ್ಮ ಸೀಮೆಗೆ ಇದು ಪುಸ್ತಕದ ಮಾತಲ್ಲ. ಯಾದಗಿರಿ, ಶಹಾಪುರ, ಸುರಪುರ ನಿಜಾಮರ ರಾಜ್ಯದಲ್ಲಿದ್ದಾಗ ಹೈದರಾಬಾದಿನ ಹಾಲಿ ಸಿಕ್ಕಾ ನಡೆಯುತ್ತಿತ್ತು, ಚಾರ್‌ಮಿನಾರ್ ಚಿತ್ರದ್ದು. ಬ್ರಿಟಿಷರ ರೂಪಾಯಿ ಕಲ್ದಾರ್. ಏಳು ಹಾಲಿಗೆ ಆರು ಕಲ್ದಾರ್. ನೂರು ಕಲ್ದಾರ್ ಬೇಕಾದವನು ನೂರಾ ಹದಿನಾರು ಹಾಲಿಯ ಮೇಲೆ ಹತ್ತಾಣೆ ಎಂಟು ಪೈ ಎಣಿಸಬೇಕು, ಸಾಹುಕಾರನ ವಟ್ಟಾ ಬೇರೆ. ದುಡಿಮೆ ಒಂದು ನಾಣ್ಯದಲ್ಲಿ, ಸಾಲ ಇನ್ನೊಂದರಲ್ಲಿ ಇದ್ದವನ ಗತಿ ಏನೆಂದು ಹಳಬರ ಮಾತಿನಲ್ಲಿ ಕೇಳಿಕೊಂಡೇ ಬೆಳೆದವರು ನಾವು. 1950ರ ದಶಕದಲ್ಲಿ ಹಾಲಿ ಹೋಯಿತು. ಕಲ್ದಾರ್ ಕೂಡ ಪಾಪ ಮಾಡದೆ ಇರಲಿಲ್ಲ. ಅದರಲ್ಲಿ ನೂರಕ್ಕೆ ತೊಂಬತ್ತೊಂದಕ್ಕೂ ಹೆಚ್ಚಿದ್ದ ಬೆಳ್ಳಿ ಯುದ್ಧದ ನೆಪದಲ್ಲಿ 1940ರಲ್ಲಿ ಅರ್ಧಕ್ಕೆ ಬಂತು, 1947ರಲ್ಲಿ ನಿಕ್ಕಲ್ ಆಯಿತು. ನಮ್ಮ ಪತ್ತಾರರಿಗೆ ಇದು ಬಾಯಿಪಾಠ. ಅಜ್ಜಿಯ ಗಂಟಿನ ರೂಪಾಯಿ ತಂದುಕೊಟ್ಟರೆ ಮೊದಲು ತಿರುಗಿಸಿ ಇಸವಿ ನೋಡುತ್ತಾರೆ. ಆಮೇಲೆ ಅಂಚನ್ನು ಒರೆಗಲ್ಲಿಗೆ ಉಜ್ಜಿ, ಗೆರೆಯ ಮೇಲೆ ಆಸಿಡ್ಡಿನ ಹನಿ ಬಿಟ್ಟು, ಕಲ್ಲನ್ನು ಬೆಳಕಿಗೆ ಓರೆ ಹಿಡಿಯುತ್ತಾರೆ. ದೊರೆಯ ಮುಖವನ್ನು ಒಮ್ಮೆಯೂ ನೋಡುವುದಿಲ್ಲ.

ಈಗ ನಮ್ಮ ನಾಣ್ಯದಲ್ಲಿ ಬೆಳ್ಳಿಯೇ ಇಲ್ಲ, ನೋಟು ಕಾಗದ, ನಡೆಯುವುದು ನಂಬಿಕೆಯ ಮೇಲೆ. ಅದು ತಪ್ಪಲ್ಲ. ಆದರೆ 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾದ ಮೇಲೆ ಮೊದಲು ಬಂದದ್ದು ಎರಡು ಸಾವಿರದ ನೋಟು. ಮುನ್ನೂರು ರೂಪಾಯಿ ಕೂಲಿಯವನು ಅದನ್ನು ಎಲ್ಲಿ ಮುರಿಸಬೇಕು? ನಮ್ಮ ಜಿಲ್ಲೆಯಿಂದ ಬೆಂಗಳೂರಿಗೆ, ಮುಂಬೈಗೆ, ಪುಣೆಗೆ ಗುಳೆ ಹೋದ ಗಾರೆ ಕೆಲಸದವರ ಸಂಸಾರ ನಡೆಯುವುದೇ ನೂರು, ಐವತ್ತರಲ್ಲಿ. ದೊಡ್ಡ ನೋಟಿಗೆ ಚಿಲ್ಲರೆ ಇಲ್ಲದ ಆ ವಾರಗಳಲ್ಲಿ ಅವರ ಕೂಲಿ ನಿಂತಿತು, ಇಲ್ಲವೇ ಬಾಕಿ ಬಿತ್ತು. ದೊಡ್ಡವರಿಗೆ ಬೇಕಾದ ನಾಣ್ಯ ಮೊದಲು, ಸಣ್ಣವರದು ಆಮೇಲೆ ಎಂಬ ಕ್ರಮ ನಿಮ್ಮ ಕಾಲದಿಂದ ಬದಲಾಗಿರಲಿಲ್ಲ. 2023ರ ಮೇ ತಿಂಗಳಲ್ಲಿ ಆ ಎರಡು ಸಾವಿರದ ನೋಟನ್ನೂ ಹಿಂದಕ್ಕೆ ಕರೆದರು.

ಇನ್ನೊಂದು ಸಂಗತಿ ನಿಮಗೆ ವಿಚಿತ್ರ ಅನ್ನಿಸಬಹುದು. ನಮ್ಮ ಕಡೆ ಅಂಗಡಿಗಳಲ್ಲಿ ಹತ್ತು ರೂಪಾಯಿ ಕಾಯಿನ್ ಕೊಟ್ಟರೆ "ಇದು ನಡೆಂಗಿಲ್ರಿ" ಎಂದು ವಾಪಸ್ ಇಡುವುದುಂಟು. ಹದಿನಾಲ್ಕು ನಮೂನೆಯವೂ ಅಸಲಿ, ಎಲ್ಲವೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಸಾರಿದೆ. ಆದರೂ ಹಿಸಿದ, ಮಾಸಿದ ಹತ್ತರ ನೋಟೇ ಬೇಕು. ಇದನ್ನು ದಡ್ಡತನವೆಂದು ಬೈಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನಮೂನೆ ಬದಲಾದಾಗಲೆಲ್ಲ ತಮ್ಮ ಕಿಸೆಗೇ ಕತ್ತರಿ ಬಿದ್ದದ್ದನ್ನು ಕಂಡವರು ಹೊಸ ಮುಖದ ಬಿಲ್ಲೆಯನ್ನು ಅನುಮಾನಿಸುತ್ತಾರೆ. ಕಾಯಿನ್ ಅಸಲಿ ಎಂದು ಅವರನ್ನು ಒಪ್ಪಿಸುವ ಹೊಣೆ ಸರ್ಕಾರದ್ದು, ಬ್ಯಾಂಕಿನದು. ಪ್ರತಿ ಬ್ಯಾಂಕ್ ಶಾಖೆಯೂ ಸಂತೆಯ ದಿನ ಅದೇ ಕಾಯಿನ್‌ಗಳನ್ನು ಕಣ್ಣೆದುರು ತೆಗೆದುಕೊಂಡು, ಅವನ್ನೇ ಚಿಲ್ಲರೆಯಾಗಿ ಕೊಡಲಿ. ನೋಟಿಸು ಅಂಟಿಸುವುದಕ್ಕಿಂತ ಅದು ಬೇಗ ಕೆಲಸ ಮಾಡುತ್ತದೆ. ನಿಮ್ಮ ಆಜ್ಞೆಯನ್ನು ಕಲ್ಲಿನ ಮೇಲೆ ಕೆತ್ತಿಸಿ ಊರೂರಿಗೆ ನಿಲ್ಲಿಸಿದ್ದಿರಲ್ಲ, ಅದರಿಂದ ಒಬ್ಬ ಅಂಗಡಿಯವನಾದರೂ ನಿಮ್ಮ ಬಿಲ್ಲೆಯನ್ನು ನಂಬಿದನೇ?

ಕಡೆಗೊಂದು ವಿಚಾರಣೆ. ಉತ್ತರ ಕೊಡಬೇಕಾದದ್ದು ಸಾಮ್ರಾಟರಾಗಿ ಅಲ್ಲ, ತೋಟ ಮಾಡಿದ ಮನುಷ್ಯರಾಗಿ. ಕೋಸಿಗೆ ನೀರು ಬೇಕು. ಸಲೋನಾದಲ್ಲಿ ಆ ನೀರನ್ನು ಯಾರೋ ಹೊತ್ತಿರಬೇಕು; ನಿಮಗೆ ಆಗಲೇ ಅರವತ್ತರ ಆಚೆ ಈಚೆ ವಯಸ್ಸು. ನೀರು ಹೊರುವವನ ದರ ನಿಮ್ಮ ಪಟ್ಟಿಯಲ್ಲೇ ಇದೆ, ಊಟ ಹಾಕಿ 25. ನೀವು ಅವನಿಗೆ 25ನ್ನೇ ಕೊಟ್ಟಿರೋ, ಹೆಚ್ಚು ಕೇಳಿದನೋ? ಕೇಳಿದ್ದರೆ ದುರಾಸೆ ಎಂದಿರೋ, ಕೊಟ್ಟಿರೋ? ನೀವು ಕೊಟ್ಟ ಬಿಲ್ಲೆಯನ್ನು ಅವನು ಸಂತೆಯಲ್ಲಿ ಬಿಚ್ಚಿದಾಗ ಎಷ್ಟು ಕಾಳು ಬಂತೆಂದು ಒಂದು ದಿನವಾದರೂ ಅವನನ್ನು ಕೇಳಿದಿರಾ?

ಇಂತಿ,
ಶಹಾಪುರದ ಒಬ್ಬ ನಾಗರಿಕ